ಕನ್ನಡ ಡಬ್ಬಿಯಾಗಿದ್ದ ಕಾಲ: ಫೋನ್ ಕಂಪನಿಗಳ ಪೈಪೋಟಿಯೂ ನಮ್ಮೂರೂ

2010ರ ಆಸುಪಾಸಿನಲ್ಲಿ ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಸುಳ್ಯದ ಬಸ್ಸಿಗೆ ಕಾಯುತ್ತಾ ಫೋನಿನಲ್ಲಿ ಇಂಟರ್ನೆಟ್ ತೆರೆದವರಿಗೆ ಇದು ನೆನಪಿರಬಹುದು. ಕನ್ನಡ ಸುದ್ದಿಯ ಪುಟ ತೆರೆದರೆ ಅಕ್ಷರವೇ ಇಲ್ಲ, ಸಾಲು ಸಾಲು ಖಾಲಿ ಚೌಕಗಳು. "ನನ್ನ ಫೋನಲ್ಲಿ ಕನ್ನಡ ಡಬ್ಬಿ ಡಬ್ಬಿ ಕಾಣ್ತದೆ ಮಾರಾಯ" ಎಂದು ಹೇಳಿಕೊಳ್ಳುತ್ತಿದ್ದೆವು.

ಕಾಲೇಜಿನಲ್ಲಿ ಯಾರಾದರೊಬ್ಬನಿಗೆ ಉಪಾಯ ಗೊತ್ತಿರುತ್ತಿತ್ತು. ಒಪೆರಾ ಮಿನಿ ಹಾಕಿಕೊಂಡು, ಅದರ ಒಳಗಿನ ಸೆಟ್ಟಿಂಗ್‌ನಲ್ಲಿ ಒಂದು ಆಯ್ಕೆ ಬದಲಾಯಿಸಿದರೆ ಕನ್ನಡ ಬರುತ್ತಿತ್ತು. ಬರುತ್ತಿದ್ದದ್ದು ಅಕ್ಷರವಲ್ಲ, ಅಕ್ಷರದ ಚಿತ್ರ. ಡೇಟಾ ಜಾಸ್ತಿ ಖರ್ಚಾಗುತ್ತಿತ್ತು. ಆದರೂ ಓದಲಿಕ್ಕೆ ಆಗುತ್ತಿತ್ತಲ್ಲ!

ಈ ಡಬ್ಬಿಗೂ ಅಮೆರಿಕದ ಕಂಪನಿಗಳ ಪೈಪೋಟಿಗೂ ಸಂಬಂಧವಿದೆ. ಆ ಕತೆಯಲ್ಲಿ ನಮ್ಮ ಕರಾವಳಿಯೂ ಬರುತ್ತದೆ.

ಒಂದೇ ಪ್ರಸಂಗ, ಹಲವು ತಿಟ್ಟು

ಆಗ ಪ್ರತಿ ಕಂಪನಿಯ ಫೋನಿನ ಒಳಗೂ ಬೇರೆ ಬೇರೆ ವ್ಯವಸ್ಥೆ. ನೋಕಿಯಾದ್ದು ಸಿಂಬಿಯನ್, ಬ್ಲ್ಯಾಕ್‌ಬೆರ್ರಿಯದ್ದು ಅದರದ್ದೇ, ಅಗ್ಗದ ಫೋನುಗಳಲ್ಲಿ ಜಾವಾ. 2007ರಲ್ಲಿ ಐಫೋನ್ ಬಂತು. 2008ರ ಜುಲೈಯಲ್ಲಿ ಆಪಲ್ ತನ್ನ ಆ್ಯಪ್ ಸ್ಟೋರ್ ತೆರೆಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಗೂಗಲ್‌ನ ಆಂಡ್ರಾಯ್ಡ್ ಮಾರ್ಕೆಟ್ ಶುರುವಾಯಿತು. ಈಗಿನ ಪ್ಲೇ ಸ್ಟೋರ್ ಅದೇ. 2010ರಲ್ಲಿ ಮೈಕ್ರೋಸಾಫ್ಟ್‌ನ ವಿಂಡೋಸ್ ಫೋನ್ ಕೂಡ ಸೇರಿತು.

ಆ್ಯಪ್ ಅಥವಾ ಗೇಮ್ ಮಾಡುವವರಿಗೆ ಇದು ದೊಡ್ಡ ತಲೆನೋವು. ಒಂದೇ ಪ್ರಸಂಗವನ್ನು ತೆಂಕುತಿಟ್ಟಿನಲ್ಲೂ ಬಡಗುತಿಟ್ಟಿನಲ್ಲೂ ಆಡಿಸಿದ ಹಾಗೆ. ಕತೆ ಒಂದೇ, ಆದರೆ ವೇಷ, ಕುಣಿತ, ಚೆಂಡೆ ಎಲ್ಲ ಬೇರೆ. ಐಫೋನಿಗೆ ಬರೆದದ್ದು ಆಂಡ್ರಾಯ್ಡ್‌ನಲ್ಲಿ ನಡೆಯುವುದಿಲ್ಲ. ಐಫೋನಿನ ಕೆಲಸಕ್ಕೆ ಆಪಲ್‌ನದ್ದೇ ಕಂಪ್ಯೂಟರ್ ಬೇಕು. ಆಪಲ್‌ಗೆ ವರ್ಷಕ್ಕೆ 99 ಡಾಲರ್ ಶುಲ್ಕ, ಗೂಗಲ್‌ಗೆ ಒಂದೇ ಸಲ 25 ಡಾಲರ್.

ಹಾಗಾಗಿ ಎಲ್ಲರೂ ಒಂದು ಲೆಕ್ಕ ಹಾಕಲೇಬೇಕಿತ್ತು: ಮೊದಲು ಯಾವ ಫೋನಿಗೆ ಮಾಡುವುದು? ದುಡ್ಡು ಕೊಡುವ ಗಿರಾಕಿ ಯಾವ ಫೋನಿನಲ್ಲಿದ್ದಾನೋ ಅದಕ್ಕೆ. ಉಳಿದವರು ಕಾಯಬೇಕು.

ಉಡುಪಿಯಲ್ಲಿ ಆದದ್ದು

ಈ ಲೆಕ್ಕವನ್ನು ನಮ್ಮ ಪಕ್ಕದ ಜಿಲ್ಲೆಯಲ್ಲೇ ಕೂತು ಹಾಕಿದವರಿದ್ದಾರೆ. 1996ರಲ್ಲಿ ರೋಹಿತ್ ಭಟ್ ಉಡುಪಿಯಲ್ಲಿ ರೋಬೋಸಾಫ್ಟ್ ಎಂಬ ಕಂಪನಿ ಶುರು ಮಾಡಿದರು. ಮೊದಲಿಗೆ ಅವರದ್ದು ಆಪಲ್‌ನ ಮ್ಯಾಕ್ ಕಂಪ್ಯೂಟರಿಗೆ ಸಾಫ್ಟ್‌ವೇರ್ ಮಾಡುವ ಕೆಲಸ. ಆಗ ನಮ್ಮ ಕಡೆ ಮ್ಯಾಕ್ ನೋಡಿದವರೇ ಕಡಿಮೆ. ಆದರೆ ಐಫೋನ್ ಬಂದಾಗ ಆ ಅನುಭವವೇ ಬಂಡವಾಳವಾಯಿತು. ಐಫೋನಿನ ಆ್ಯಪ್‌ಗಳನ್ನು ಮಾಡಬೇಕಾದದ್ದು ಮ್ಯಾಕ್‌ನಲ್ಲೇ ಅಲ್ಲವೇ?

ಗೇಮ್‌ಗಳಿಗಾಗಿ ಅವರು 99ಗೇಮ್ಸ್ ಎಂಬ ಇನ್ನೊಂದು ಕಂಪನಿ ಕಟ್ಟಿದರು. 2013ರಲ್ಲಿ ಧೂಮ್ 3 ಸಿನಿಮಾದ ಗೇಮ್ ಇಲ್ಲಿಂದಲೇ ಬಂತು. ಅದನ್ನು ಐಫೋನ್, ಆಂಡ್ರಾಯ್ಡ್, ವಿಂಡೋಸ್ ಮೂರಕ್ಕೂ ಮಾಡಿದ್ದರು. 2014ರಲ್ಲಿ ಬಂದದ್ದು ಅಡುಗೆಯ ಗೇಮ್ ಸ್ಟಾರ್ ಶೆಫ್. 2021ರಲ್ಲಿ ರೋಬೋಸಾಫ್ಟನ್ನು ಜಪಾನಿನ ಟೆಕ್ನೋಪ್ರೋ ಕೊಂಡುಕೊಂಡಿತು.

ಇದರಿಂದ ಒಂದು ವಿಷಯ ಸ್ಪಷ್ಟ. ಸಣ್ಣ ಊರಿನಲ್ಲಿ ಕೂತು ಲೋಕಕ್ಕೇ ಗೇಮ್ ಮಾಡಬಹುದು. ಆದರೆ ಅದೇ ಸಣ್ಣ ಊರಿನವರ ಭಾಷೆ ಅವರ ಫೋನಿಗೆ ಬರುವುದು ಬೇರೆಯೇ ಪ್ರಶ್ನೆ.

ಕನ್ನಡದ ಸರದಿ

ಕನ್ನಡದ ಒತ್ತಕ್ಷರ, ಗುಣಿತಾಕ್ಷರಗಳನ್ನು ಸರಿಯಾಗಿ ಜೋಡಿಸುವ ಕೆಲಸ ಫೋನಿನ ವ್ಯವಸ್ಥೆಯೇ ಮಾಡಬೇಕು. ಅದು ಮಾಡದಿದ್ದರೆ ಆ್ಯಪ್ ಮಾಡುವವರೇ ದಾರಿ ಹುಡುಕಬೇಕು. ನೋಕಿಯಾದಲ್ಲಿ ಕೆಲಸ ಮಾಡಿದ್ದ ಉಮೇಶ್ ಕುಲಕರ್ಣಿ ಮತ್ತು ಚಂದ್ರಶೇಖರ್ ಸೊಹೋನಿ 2009ರಲ್ಲಿ ನ್ಯೂಸ್‌ಹಂಟ್ ಶುರು ಮಾಡಿದರು. ಫೋನಿಗೆ ಕನ್ನಡ ಗೊತ್ತಿಲ್ಲದಿದ್ದರೂ ಅದು ತಾನೇ ಅಕ್ಷರ ಮೂಡಿಸುತ್ತಿತ್ತು. ಮುಂದೆ ಅದೇ ಡೈಲಿಹಂಟ್ ಆಯಿತು.

ಆಂಡ್ರಾಯ್ಡ್ ತಾನೇ ಕನ್ನಡ ಕಲಿತದ್ದು 2012ರ 4.1 ಆವೃತ್ತಿಯಲ್ಲಿ, ತೆಲುಗು ಮತ್ತು ಮಲಯಾಳದ ಜೊತೆಗೆ. ಐಫೋನಿನಲ್ಲಿ ಆಪಲ್‌ನದ್ದೇ ಕನ್ನಡ ಕೀಬೋರ್ಡ್ ಬಂದದ್ದು 2017ರಲ್ಲಿ. ಅಂದರೆ ಅಗ್ಗದ ಆಂಡ್ರಾಯ್ಡ್ ಫೋನುಗಳು ಹಳ್ಳಿಗೆ ಬಂದ ಮೇಲೆಯೇ ನಮಗೆ ಡಬ್ಬಿಯಿಂದ ಬಿಡುಗಡೆ.

ಸೋತ ಫೋನು ಕೊಂಡವರ ಪಾಡು ಬೇರೆ. 2011ರಲ್ಲಿ ನೋಕಿಯಾ ವಿಂಡೋಸ್ ಕಡೆ ಹೋಯಿತು. ನೋಕಿಯಾ ಅಂದರೆ ಗಟ್ಟಿ ಎಂದು ನಂಬಿ ಅದನ್ನು ತೆಗೆದುಕೊಂಡವರು ನಮ್ಮಲ್ಲೂ ಇದ್ದರು. 2019ರ ಡಿಸೆಂಬರ್ 31ಕ್ಕೆ ವಾಟ್ಸ್‌ಆ್ಯಪ್ ಕೂಡ ವಿಂಡೋಸ್ ಫೋನಿನಲ್ಲಿ ನಿಂತುಹೋಯಿತು. 2017ರಲ್ಲಿ 1,500 ರೂಪಾಯಿ ಠೇವಣಿಗೆ ಬಂದ ಜಿಯೋಫೋನಿನೊಳಗೆ ಇದ್ದದ್ದು ಕಾಯ್‌ಓಎಸ್. ಪ್ಲೇ ಸ್ಟೋರ್ ಇಲ್ಲ. ಅದಕ್ಕೆ ವಾಟ್ಸ್‌ಆ್ಯಪ್ ಬರಲು 2018ರ ಸೆಪ್ಟೆಂಬರ್ ತನಕ ಕಾಯಬೇಕಾಯಿತು.

ಪೈಪೋಟಿ ಮುಗಿಯಿತು, ಲೆಕ್ಕ ಮುಗಿಯಲಿಲ್ಲ

ಈಗ ಉಳಿದದ್ದು ಮುಖ್ಯವಾಗಿ ಎರಡೇ, ಆಂಡ್ರಾಯ್ಡ್ ಮತ್ತು ಐಫೋನ್. ಫ್ಲಟರ್, ಯೂನಿಟಿಯಂಥ ಸಾಧನಗಳಿಂದ ಒಂದೇ ಸಲ ಬರೆದು ಎರಡಕ್ಕೂ ಹೊಂದಿಸಬಹುದು. ಹಿಂದಿನಷ್ಟು ಕಷ್ಟ ಇಲ್ಲ.

ಆದರೆ ಆಗ ತಪ್ಪುತ್ತಿದ್ದದ್ದು ಗೇಮ್, ಸುದ್ದಿ ಅಷ್ಟೆ. ಈಗ ಆ್ಯಪ್ ನಮ್ಮ ಕೂಲಿಯ ತನಕ, ತೋಟದ ತನಕ ಬಂದಿದೆ. 2020ರಲ್ಲಿ ರಾಜ್ಯ ಸರಕಾರ ಬೆಳೆ ಸಮೀಕ್ಷೆಯನ್ನು ರೈತರೇ ಆ್ಯಪ್‌ನಲ್ಲಿ ಮಾಡುವಂತೆ ತಂದಿತು. ಅಡಿಕೆ ಎಷ್ಟು, ರಬ್ಬರ್ ಎಷ್ಟು ಎಂಬುದು ಅದರಿಂದಲೇ ಆರ್‌ಟಿಸಿಗೆ ಹೋಗುತ್ತದೆ. ಉದ್ಯೋಗ ಖಾತ್ರಿಯಲ್ಲಿ ಆಂಡ್ರಾಯ್ಡ್ ಆ್ಯಪ್‌ನಲ್ಲಿ ದಿನಕ್ಕೆರಡು ಸಲ ಫೋಟೋ ಹಾಕಿ ಹಾಜರಿ ಕೊಡುವುದು 2023ರ ಜನವರಿ 1ರಿಂದ ಎಲ್ಲ ಸಾಮೂಹಿಕ ಕೆಲಸಗಳಿಗೂ ಕಡ್ಡಾಯವಾಯಿತು. ಕಡಬ, ಸುಳ್ಯದ ಕಾಡಂಚಿನಲ್ಲಿ ರೇಂಜ್ ಸಿಗುವ ಜಾಗ ಹುಡುಕಿ ಗುಡ್ಡ ಹತ್ತುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಗೇಮ್ ಕಂಪನಿ ಮೊದಲು ದುಡ್ಡು ಕೊಡುವ ಗಿರಾಕಿಯನ್ನು ನೋಡಿದರೆ ಅದು ವ್ಯಾಪಾರ. ಸರಕಾರದ ಆ್ಯಪ್ ಹಾಗೆ ನೋಡುವಂತಿಲ್ಲ. ಅದು ಎಲ್ಲರಿಗಿಂತ ಹಳೆಯ ಫೋನು ಇರುವವರನ್ನು, ಫೋನೇ ಇಲ್ಲದವರನ್ನು ಮೊದಲು ನೋಡಬೇಕು.

ಹಾಗಾಗಿ ಇನ್ನು ಗ್ರಾಮಸಭೆಯಲ್ಲಿ "ಆ್ಯಪ್ ಡೌನ್‌ಲೋಡ್ ಮಾಡಿ" ಎಂದರೆ ನಾಲ್ಕು ಮಾತು ಕೇಳಿ. ಹಳೆ ಫೋನಿನಲ್ಲಿ ನಡೆಯುತ್ತದಾ? ಪೂರ್ತಿ ಕನ್ನಡದಲ್ಲಿ ಇದೆಯಾ? ರೇಂಜ್ ಇಲ್ಲದಾಗ ಏನು ಮಾಡುವುದು? ಫೋನ್ ಇಲ್ಲದವರಿಗೆ ಬೇರೆ ದಾರಿ ಯಾವುದು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.