ಮೊದಲು ಗಾಲಿ, ಆಮೇಲೆ ಬ್ರೇಕು

1966ರಲ್ಲಿ ಇಟಲಿಯ ಫಿಯೆಟ್ ಕಂಪನಿ ತನ್ನ 1100 ಕಾರಿನ ಕೊನೆಯ ರೂಪವನ್ನು ಮಾರುಕಟ್ಟೆಗೆ ತಂದಿತು. ಹೆಸರು 1100 ಆರ್. ಅದರ ದೊಡ್ಡ ಬದಲಾವಣೆ ಹೊರಗೆ ಕಾಣುವಂಥದ್ದಲ್ಲ: ಮುಂದಿನ ಎರಡು ಗಾಲಿಗಳೊಳಗೆ ಡ್ರಮ್ ಬ್ರೇಕ್ ಹೋಗಿ ಡಿಸ್ಕ್ ಬಂದಿತ್ತು. ಮೂರು ವರ್ಷ ಕಳೆಯುವಷ್ಟರಲ್ಲಿ ಅಲ್ಲಿ ಆ ಕಾರಿನ ತಯಾರಿಕೆಯೇ ನಿಂತಿತು. ಅದಕ್ಕೂ ಒಂದು ಮೆಟ್ಟಿಲು ಹಿಂದಿನ 1100 ಡಿ ಮಾತ್ರ ಮುಂಬಯಿಯ ಕುರ್ಲಾದಲ್ಲಿ, ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯಿಂದ ಹೊರಬರುತ್ತಲೇ ಇತ್ತು. 1974ರಲ್ಲಿ ಅದಕ್ಕೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾಯಿತು. ಶತಮಾನ ಮುಗಿಯುವವರೆಗೂ ಓಡಿದ್ದು ಅದೇ ಕಾರು, ಅದೇ 1089 ಸಿಸಿ ಎಂಜಿನ್. ನಗರದ ಸಾವಿರಾರು ಪದ್ಮಿನಿಗಳು ಡ್ರಮ್ ಬ್ರೇಕನ್ನೇ ತುಳಿದು ನಿಂತವು.

ಟೂರಿನ್‌ನಲ್ಲಿ ಕಾರ್ಖಾನೆಯೇ ಮಾಡಿ ಮುಗಿಸಿದ ಕೆಲಸವನ್ನು ಮುಂಬಯಿಯಲ್ಲಿ ಕಾರಿನ ಮಾಲೀಕರು ಮಾಡಿಕೊಳ್ಳಬೇಕಾಯಿತು. ಕಟ್ಟಡದ ಕಾಂಪೌಂಡಿನಲ್ಲಿ, ಭಾನುವಾರ ಬೆಳಿಗ್ಗೆ, ಜಾಕಿನ ಕೆಳಗೆ ಒಂದು ಮರದ ತುಂಡು ಕೊಟ್ಟು.

ಸ್ಪೋರ್ಟ್ಸ್ ಕಾರು ಎಂಬ ಮಾತಿಗೆ ಆಗಿನ ಭಾರತದಲ್ಲಿ ಬೇರೆಯೇ ಅರ್ಥವಿತ್ತು. ಬ್ರಿಟಿಷರ ಕಾಲದಿಂದ ಉಳಿದ ಎಂಜಿಗಳು ಕೆಲವರ ಮನೆಯಲ್ಲಿದ್ದವು. ಬೇರೆಯವರಿಗೆ ಇದ್ದ ಆಯ್ಕೆ ಉತ್ತರಪಾಡಾದ ಅಂಬಾಸಡರ್, ಮದ್ರಾಸಿನ ಸ್ಟ್ಯಾಂಡರ್ಡ್, ಕುರ್ಲಾದ ಫಿಯೆಟ್. ವಿದೇಶಿ ಕಾರು ತರಿಸಲು ಪರವಾನಗಿ ಬೇಕು, ಸುಂಕ ಕಟ್ಟಬೇಕು. ಹಾಗಾಗಿ ಮೂರರಲ್ಲಿ ಚುರುಕಾದ ಫಿಯೆಟ್ಟೇ ಹುಡುಗರ ಸ್ಪೋರ್ಟ್ಸ್ ಕಾರಾಯಿತು. ಮದ್ರಾಸಿನ ಬಳಿಯ ಶೋಲಾವರಂ ವಿಮಾನಪಟ್ಟಿಯ ರೇಸುಗಳಲ್ಲಿ ಓಡುತ್ತಿದ್ದದ್ದೂ ಇದೇ. 1950ರ ದಶಕದ ಗುಂಡುಗುಂಡಾದ ಫಿಯೆಟ್ಟಿಗೆ ಮುಂಬಯಿ ಇಟ್ಟ ಅಡ್ಡಹೆಸರು ‘ದುಕ್ಕರ್’. ಮರಾಠಿಯಲ್ಲಿ ಹಾಗೆಂದರೆ ಹಂದಿ. ಬೈಗುಳವೊಂದು ಹೀಗೆ ಮುದ್ದಿನ ಹೆಸರಾಗಿ ಉಳಿದದ್ದು ಅಪರೂಪ.

ಎಂಜಿನ್ ಮುಟ್ಟಲು ದುಡ್ಡು ಬೇಕು, ಲೇತ್ ಬೇಕು, ನುರಿತ ಕೈ ಬೇಕು. ಗಾಲಿ ಬದಲಿಸಲು ಒಂದು ಪಾನಾ ಸಾಕು. ಆದ್ದರಿಂದ ಮಾರ್ಪಾಡಿನ ಮೊದಲ ಹೆಜ್ಜೆ ಯಾವಾಗಲೂ ಗಾಲಿಯೇ. ಕಬ್ಬಿಣದ ಗಾಲಿ ತೆಗೆದು ಅಗಲವಾದ, ಹೊಳೆಯುವ ಅಲಾಯ್ ಹಾಕುವುದು. ಅವುಗಳನ್ನು ಅಂಗಡಿಯವರು ‘ಮ್ಯಾಗ್ ವೀಲ್’ ಎನ್ನುತ್ತಿದ್ದರು. ಮ್ಯಾಗ್ ಎಂದರೆ ಮೆಗ್ನೀಸಿಯಂ. ರೇಸ್ ಕಾರುಗಳ ಗಾಲಿ ಒಂದು ಕಾಲಕ್ಕೆ ಆ ಲೋಹದ್ದಾಗಿತ್ತು; ಅಂಗಡಿಯಲ್ಲಿ ಸಿಗುತ್ತಿದ್ದುದು ಅಲ್ಯೂಮಿನಿಯಂ. ಲೋಹ ಬದಲಾದರೂ ಹೆಸರು ಹಾಗೇ ಉಳಿಯಿತು.

ತೊಂದರೆ ಶುರುವಾಗುವುದು ಇಲ್ಲೇ. ಬ್ರೇಕು ಹಿಡಿಯುವುದು ಗಾಲಿಯ ನಡುವನ್ನು, ಆದರೆ ಕಾರು ನಿಲ್ಲಬೇಕಾದದ್ದು ಟೈರು ರಸ್ತೆ ಮುಟ್ಟುವ ಜಾಗದಲ್ಲಿ. ನಡುವಿನಿಂದ ರಸ್ತೆಗೆ ದೂರ ಹೆಚ್ಚಿದಷ್ಟೂ ಅದೇ ಬ್ರೇಕಿನ ಹಿಡಿತ ರಸ್ತೆಯ ಮೇಲೆ ಕಡಿಮೆ. ಟೈರಿನ ಒಟ್ಟು ಎತ್ತರ ನೂರಕ್ಕೆ ಐದರಷ್ಟು ಏರಿದರೆ, ಕಾಲಿನ ಒತ್ತಡ ಅಷ್ಟೇ ಇದ್ದಾಗ ನಿಲ್ಲಿಸುವ ಬಲವೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಸಾಲದ್ದಕ್ಕೆ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ದೊಡ್ಡ ಗಾಲಿ ಹಾಕಿ ಬ್ರೇಕನ್ನು ಹಾಗೇ ಬಿಟ್ಟವನು ಕಾರನ್ನು ಚಂದ ಮಾಡಿದೆ ಎಂದುಕೊಂಡು ಅದರ ಬ್ರೇಕನ್ನು ಬಡವಾಗಿಸಿದ. ಅಂಥ ಕಾರು ನಿಂತಾಗ ನೋಡಲು ಚಂದ, ಓಡುವಾಗ ನಿಲ್ಲಿಸುವುದೇ ಕಷ್ಟ.

ಇನ್ನೊಂದು ಬಲೆ ಬೋಲ್ಟುಗಳದ್ದು. ಫಿಯೆಟ್ಟಿನ ಅನೇಕ ಕಾರುಗಳಲ್ಲಿ ನಾಲ್ಕು ಬೋಲ್ಟುಗಳ ವೃತ್ತದ ಅಳತೆ 98 ಮಿಲಿಮೀಟರ್. ಹೋಂಡಾ ಸಿಟಿಯಂಥ ಕಾರುಗಳದ್ದು 100. ಎರಡು ಮಿಲಿಮೀಟರ್ ಕಣ್ಣಿಗೆ ಕಾಣುವುದಿಲ್ಲ. ಬೋಲ್ಟು ಒಳಗೆ ಹೋಗುತ್ತದೆ, ಬಿಗಿಯೂ ಆಗುತ್ತದೆ, ಆದರೆ ಓರೆಯಾಗಿ ಕೂರುತ್ತದೆ. ನೂರಾರು ಕಿಲೋಮೀಟರ್ ಓಡಿದ ಮೇಲೆ ಸಡಿಲವಾಗುತ್ತದೆ, ಇಲ್ಲವೇ ಮುರಿಯುತ್ತದೆ.

ಡ್ರಮ್ಮಿನ ಮಿತಿ ತಿಳಿಯಬೇಕಾದರೆ ಖಂಡಾಲ ಘಾಟಿ ಇಳಿಯಬೇಕು. ಜನರೂ ಸೇರಿ ಸಾವಿರ ಕಿಲೋ ತೂಗುವ ಕಾರೊಂದು 80 ಕಿಲೋಮೀಟರ್ ವೇಗದಿಂದ ನಿಂತರೆ, ಬ್ರೇಕು ಹೀರಿಕೊಳ್ಳುವ ಶಕ್ತಿಯಲ್ಲಿ ಮುಕ್ಕಾಲು ಲೀಟರಿಗೂ ಹೆಚ್ಚು ನೀರು ಕುದಿಯಬಹುದು. 40ರಿಂದ ನಿಂತರೆ ಅದರ ಕಾಲುಭಾಗ ಸಾಕು. ವೇಗ ಎರಡರಷ್ಟಾದರೆ ಶಾಖ ನಾಲ್ಕರಷ್ಟು. ಲೋನಾವಳದಿಂದ ಖೋಪೋಲಿಗೆ ಸುಮಾರು 550 ಮೀಟರ್ ಇಳಿತ. ಇಳಿಯುವ ಭಾರವನ್ನೆಲ್ಲ ಬ್ರೇಕಿಗೇ ಬಿಟ್ಟರೆ ಅದು 80ರ ವೇಗದಿಂದ ಇಪ್ಪತ್ತಕ್ಕೂ ಹೆಚ್ಚು ಸಲ ನಿಲ್ಲಿಸಿದ್ದಕ್ಕೆ ಸಮ. ಡ್ರಮ್ಮು ಮುಚ್ಚಿದ ಬೋಗುಣಿಯಂತೆ, ಶಾಖಕ್ಕೆ ಹೊರದಾರಿಯಿಲ್ಲ. ಕಾದ ಡ್ರಮ್ಮು ಹಿಗ್ಗುತ್ತದೆ, ಒಳಗಿನ ಶೂಗಳಿಂದ ದೂರ ಸರಿಯುತ್ತದೆ, ಪೆಡಲು ಆಳಕ್ಕೆ ಹೋಗುತ್ತದೆ. ಚಾರ್ಮಾಡಿ, ಆಗುಂಬೆಗಳಲ್ಲಿ ಲೈನಿಂಗ್ ಸುಟ್ಟ ವಾಸನೆ ಕುಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹಳಬರು ಎರಡನೇ ಗೇರಿನಲ್ಲಿ ಇಳಿಯಿರಿ ಎನ್ನುತ್ತಿದ್ದುದಕ್ಕೂ ಇದೇ ಕಾರಣ. ಡಿಸ್ಕು ಬಯಲಿನಲ್ಲಿ ತಿರುಗುತ್ತದೆ, ಗಾಳಿಗೆ ಆರುತ್ತದೆ, ಕಾದು ಹಿಗ್ಗಿದರೂ ಪ್ಯಾಡುಗಳ ಕಡೆಗೇ ಹಿಗ್ಗುತ್ತದೆ. 1953ರಲ್ಲಿ ಜಾಗ್ವಾರ್ ಸಿ-ಟೈಪ್ ಫ್ರಾನ್ಸಿನ ಲ ಮಾನ್ ರೇಸನ್ನು ಡಿಸ್ಕ್ ಬ್ರೇಕಿನೊಂದಿಗೆ ಗೆದ್ದ ಮೇಲೆ ಜಗತ್ತು ಆ ವಾದವನ್ನು ಮುಗಿಸಿತ್ತು.

ಮುಂಬಯಿಯ ಮಳೆಗಾಲ ಇನ್ನೆರಡು ಪಾಠ ಕಲಿಸುತ್ತದೆ. ಮೊಣಕಾಲುದ್ದ ನೀರು ದಾಟಿದ ಡ್ರಮ್ಮು ಒದ್ದೆಯಾಗಿ ಹಿಡಿಯುವುದೇ ಇಲ್ಲ. ಟ್ಯಾಕ್ಸಿಯವರು ನೀರಿನಿಂದ ಹೊರಬಂದೊಡನೆ ಪೆಡಲನ್ನು ಹಗುರವಾಗಿ ಒತ್ತಿಕೊಂಡೇ ಸ್ವಲ್ಪ ದೂರ ಓಡಿಸಿ ಒಣಗಿಸುತ್ತಿದ್ದರು. ಎರಡನೆಯದು ಕಣ್ಣಿಗೆ ಕಾಣದ್ದು. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಕುಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಗುಳ್ಳೆ, ಕಾಲ ಕೆಳಗೆ ಸ್ಪಂಜು. ಅದನ್ನು ಎಲ್ಲರೂ ‘ಬ್ರೇಕ್ ಆಯಿಲ್’ ಎನ್ನುವುದು ಇನ್ನೊಂದು ಗಂಡಾಂತರ. ಅದು ಎಣ್ಣೆಯಲ್ಲ. ಹೆಸರು ನಂಬಿ ಎಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಊದಿಕೊಂಡು ಇಡೀ ವ್ಯವಸ್ಥೆಯೇ ಕೆಡುತ್ತದೆ.

ಈ ಕೆಲಸಕ್ಕೆ ಬೇಕಾದ ಸಾಮಾನಿನ ಭೂಗೋಳ ಚಿಕ್ಕದು. ಕಾರು ಹುಟ್ಟುತ್ತಿದ್ದುದು ಕುರ್ಲಾದ ಎಲ್‌ಬಿಎಸ್ ಮಾರ್ಗದಲ್ಲಿ. ಬ್ರೇಕ್ ಲೈನಿಂಗ್ ತಯಾರಿಸುತ್ತಿದ್ದ ಹಿಂದೂಸ್ತಾನ್ ಫೆರೋಡೊ ಎರಡು ಸ್ಟೇಷನ್ ಆಚೆ ಘಾಟ್ಕೋಪರಿನಲ್ಲಿ. ಹಳೆಯ ಕಾರು ಒಡೆದು ಬಿಡಿಭಾಗ ಮಾರುವ ಅಂಗಡಿಗಳು ಮತ್ತೆ ಕುರ್ಲಾದಲ್ಲೇ, ಸಿಎಸ್‌ಟಿ ರಸ್ತೆಯುದ್ದಕ್ಕೂ. ಹೊಸ ಭಾಗ ಬೇಕಿದ್ದವರು ಆಪೆರಾ ಹೌಸ್ ಕಡೆಗೆ, ಅದೃಷ್ಟ ನಂಬಿದವರು ಚೋರ್ ಬಜಾರಿಗೆ. 1980, 90ರ ದಶಕಗಳಲ್ಲಿ ಮುಂಗಾಲಿಗೆ ಡಿಸ್ಕ್ ಇರುವ ಹೊಸ ಕಾರುಗಳು ಬಂದವು. ಅವು ಅಪಘಾತವಾಗಿ ಗುಜರಿಗೆ ಸೇರಿದಾಗ ಅವುಗಳ ಡಿಸ್ಕು, ಕ್ಯಾಲಿಪರುಗಳು ಹಳೆಯ ಫಿಯೆಟ್ಟುಗಳಿಗೆ ಸಿಗತೊಡಗಿದವು.

ಜೋಡಿಸುವುದು ಅಷ್ಟು ಸುಲಭವಲ್ಲ. ಡ್ರಮ್ಮನ್ನೂ ಅದರ ಹಿಂದಿನ ತಟ್ಟೆಯನ್ನೂ ಬಿಚ್ಚಿ, ಹಬ್ಬನ್ನು ಲೇತಿನಲ್ಲಿ ಕೊರೆಸಿ ಡಿಸ್ಕ್ ಕೂರಿಸಬೇಕು; ಕ್ಯಾಲಿಪರ್ ಹಿಡಿಯಲು ದಪ್ಪ ಉಕ್ಕಿನ ಬ್ರಾಕೆಟ್ ಬೇಕು. ಆಮೇಲೆ ಪೆಡಲಿನ ಸಮಸ್ಯೆ. ಡ್ರಮ್ಮಿನೊಳಗೆ ಮುಂದಿನ ಶೂ ತಿರುಗುವ ಡ್ರಮ್ಮಿನ ಜೊತೆ ತಾನಾಗಿಯೇ ಒಳಸೆಳೆದುಕೊಂಡು ಬಿಗಿಯುತ್ತದೆ. ಡಿಸ್ಕಿಗೆ ಆ ಸಹಾಯವಿಲ್ಲ. ಕಾಲಿನ ಬಲ ಹೆಚ್ಚು ಬೇಕು, ಅಥವಾ ಎಂಜಿನ್ನಿನ ನಿರ್ವಾತದಿಂದ ನಡೆಯುವ ಸರ್ವೋ ಬೇಕು. ಡ್ರಮ್ ಲೈನಿನಲ್ಲಿ ಒತ್ತಡ ಉಳಿಸುವ ಚಿಕ್ಕ ವಾಲ್ವನ್ನು ಮರೆತು ಹಾಗೇ ಬಿಟ್ಟರೆ ಪ್ಯಾಡುಗಳು ಸದಾ ಉಜ್ಜುತ್ತ ಕಾಯುತ್ತವೆ. ಮುಂದು ಹಿಂದಿನ ಲೆಕ್ಕವೂ ತಪ್ಪಬಾರದು: ಹಿಂದಿನ ಗಾಲಿಗಳು ಮೊದಲು ಕಚ್ಚಿಕೊಂಡರೆ ಒದ್ದೆ ರಸ್ತೆಯಲ್ಲಿ ಕಾರು ಬುಗುರಿಯಾಗುತ್ತದೆ.

ಕೊನೆಗೆ ಏರ್ ತೆಗೆಯುವ ಕೆಲಸ, ಇಬ್ಬರು ಬೇಕೇ ಬೇಕು. ಒಬ್ಬ ಸೀಟಿನಲ್ಲಿ ಕೂತು ಪೆಡಲು ಒತ್ತಿ ಹಿಡಿಯುತ್ತಾನೆ, ಇನ್ನೊಬ್ಬ ಗಾಲಿಯ ಬಳಿ ಮಲಗಿ ನಿಪ್ಪಲ್ ಸಡಿಲಿಸಿ, ನಳಿಕೆಯ ತುದಿಯ ಬಾಟಲಿಯಲ್ಲಿ ಗುಳ್ಳೆ ನಿಲ್ಲುವವರೆಗೆ ಕಾಯುತ್ತಾನೆ. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಗಾಲಿ ಮೊದಲು. ‘ದಬಾ’, ‘ಛೋಡ್’ ಎಂಬ ಎರಡೇ ಮಾತಿನಲ್ಲಿ ಒಂದು ಬೆಳಗು ಕಳೆಯುತ್ತದೆ. ಮೊದಲ ಪರೀಕ್ಷೆ ಕಾಂಪೌಂಡಿನೊಳಗೆ, ನಡಿಗೆಯ ವೇಗದಲ್ಲಿ.

ಇದರಲ್ಲಿ ಯಾರೂ ಲೆಕ್ಕ ಇಡದ ಒಂದು ಖರ್ಚಿತ್ತು. ಹಳೆಯ ಲೈನಿಂಗುಗಳು ಕಲ್ನಾರಿನವು. ಡ್ರಮ್ಮು ತೆಗೆದಾಗ ಒಳಗಿನ ಬೂದು ಪುಡಿಯನ್ನು ಬಾಯಿಂದಲೋ ಪಂಪಿನಿಂದಲೋ ಊದಿ ತೆಗೆಯುವುದು ಗ್ಯಾರೇಜಿನ ರೂಢಿ. ಆ ಪುಡಿಯ ಎಳೆಗಳು ಶ್ವಾಸಕೋಶಕ್ಕೆ ಹೊಕ್ಕರೆ ಹೊರಬರುವುದಿಲ್ಲ, ರೋಗ ಕಾಣಿಸಲು ದಶಕಗಳು ಹಿಡಿಯುತ್ತವೆ. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕಲ್ನಾರು ಕಾರ್ಖಾನೆಗಳ ಕಾರ್ಮಿಕರ ಆರೋಗ್ಯ ಮೂಲಭೂತ ಹಕ್ಕು ಎಂದು ಹೇಳಿ, ಪ್ರತಿಯೊಬ್ಬರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಇಡಬೇಕೆಂದು ಆದೇಶಿಸಿತು. ಕಾಂಪೌಂಡಿನಲ್ಲಿ ಡ್ರಮ್ಮು ಊದಿದ ಹುಡುಗನಿಗೆ ಅಂಥ ದಾಖಲೆ ಇರಲು ಸಾಧ್ಯವೇ ಇರಲಿಲ್ಲ.

2002ರಲ್ಲಿ ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿ ಪೂರ್ತಿಯಾಗಿ ತೆರೆದುಕೊಂಡಿತು. ಅಷ್ಟರಲ್ಲಿ ಕಾರ್ಖಾನೆಯಿಂದಲೇ ಡಿಸ್ಕ್ ಹೊತ್ತು ಬರುವ ಕಾರುಗಳು ಸಾಮಾನ್ಯವಾಗಿದ್ದವು. ಗಾಲಿಯ ಮೋಹ ಮಾತ್ರ ಇಳಿಯಲಿಲ್ಲ. 2019ರ ಜನವರಿ 9ರಂದು ಸುಪ್ರೀಂ ಕೋರ್ಟು, ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹಿಡಿದು, ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ ಎಂದಿತು. ಆ ಪ್ರಕರಣ ಹುಟ್ಟಿದ್ದು ಬಾಡಿಯ ಬದಲಾವಣೆಯಿಂದ, ಬ್ರೇಕಿನಿಂದಲ್ಲ. ಆದರೂ ಮನೆಯಲ್ಲಿ ಕಾರು ತಿದ್ದುವವರಿಗೆಲ್ಲ ಅದರ ಬಿಸಿ ಮುಟ್ಟಿತು. ಕೆಟ್ಟ ಬೆಸುಗೆಯ ಬ್ರಾಕೆಟ್ಟುಗಳನ್ನು ನೆನೆದರೆ ಕಾನೂನಿನ ಅನುಮಾನಕ್ಕೆ ಕಾರಣವಿದೆ. ಆದರೆ ತಯಾರಕನ ಮಾತೇ ಅಂತಿಮ ಎನ್ನುವಾಗ, ಮೂಲ ಕಂಪನಿಯೇ 1966ರಲ್ಲಿ ಹಳತಾಯಿತೆಂದು ಕೈಬಿಟ್ಟ ಬ್ರೇಕನ್ನು ಇಲ್ಲಿ ಮೂರು ದಶಕ ಮಾರಿದ್ದೂ ತಯಾರಕರೇ ಎಂಬುದನ್ನು ಬದಿಗಿಡುವುದು ಕಷ್ಟ.

ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಒದಲ್ಲಿ 2003ರ ಅಕ್ಟೋಬರ್ 29ರಂದು ನೋಂದಾಯಿತವಾಗಿತ್ತು. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ 30ರಿಂದ ಆ ಕಪ್ಪು-ಹಳದಿ ಕಾರುಗಳು ರಸ್ತೆಯಿಂದ ಮರೆಯಾದವು. ಉಳಿದವು ಈಗ ಹವ್ಯಾಸಿಗಳ ಕೈಯಲ್ಲಿ. ಅವರೊಳಗೊಂದು ಜಗಳ ಇನ್ನೂ ಬಗೆಹರಿದಿಲ್ಲ. ಒಂದು ಬಣಕ್ಕೆ ಎಲ್ಲವೂ ಮೂಲದಂತೆಯೇ ಇರಬೇಕು, ಡ್ರಮ್ಮೂ ಸೇರಿದಂತೆ. ಇನ್ನೊಂದು ಬಣ ಹೊರಗೆ ಹಳೆಯ ಕಬ್ಬಿಣದ ಗಾಲಿ, ಅದರ ಮೇಲೆ ಉಜ್ಜಿ ಹೊಳೆಯಿಸಿದ ಕ್ರೋಮ್ ಮುಚ್ಚಳ ಇಟ್ಟುಕೊಂಡು, ಯಾರಿಗೂ ಕಾಣದಂತೆ ಒಳಗೆ ಡಿಸ್ಕ್ ಹಾಕಿಸಿಕೊಳ್ಳುತ್ತದೆ.