ಒಂಬತ್ತು ನೂರು ಡಾಲರುಗಳ ಮೂಲಧನ: ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಆಂತರಿಕ ಅನುದಾನದ ಚರಿತ್ರೆ

ಅಧ್ಯಾಪಕರು ತಾವಾಗಿಯೇ ಯೋಚಿಸಿ ಮುಂದಿಡುವ ಯೋಜನೆಗಳಿಗೆ ವಿಶ್ವವಿದ್ಯಾನಿಲಯವು ತನ್ನ ಕೈಯಲ್ಲಿರುವ ನಿಧಿಯಿಂದ ಕೊಡುವ ಸಣ್ಣ ಮೊತ್ತಕ್ಕೆ ಆಂತರಿಕ ಅನುದಾನವೆಂದು ಹೆಸರು. ಸರ್ಕಾರದ ಅನುದಾನವು ಶಾಸನಸಭೆಯ ಮುಂಗಡಪತ್ರಕ್ಕೂ ಹೊರಗಿನವರ ದಾನವು ದಾನಿಯ ಇಚ್ಛೆಗೂ ಕಟ್ಟುಬಿದ್ದಿರುತ್ತವೆ. ಆಂತರಿಕ ಅನುದಾನದಲ್ಲಾದರೋ ಯಾವ ಕೆಲಸಕ್ಕೆ ಎಷ್ಟು ಹಣವೆಂಬುದನ್ನು ಅರ್ಜಿದಾರನ ಸಹೋದ್ಯೋಗಿಗಳೇ ನಿರ್ಣಯಿಸುತ್ತಾರೆ. ಇಂದು ಸರ್ವೇಸಾಧಾರಣವಾಗಿರುವ ಈ ಏರ್ಪಾಡು ಹೇಗೆ ಬೇರೂರಿತು, ಅದರ ಬಲವೇನು, ಮಿತಿಯೇನು ಎಂಬುದನ್ನು ಅರಿಯಲು ಅಮೆರಿಕದ ಮ್ಯಾಡಿಸನ್ ನಗರದಲ್ಲಿರುವ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಚರಿತ್ರೆಯಷ್ಟು ಸ್ಪಷ್ಟವಾದ ನಿದರ್ಶನಗಳು ವಿರಳ.

ವಿಸ್ಕಾನ್ಸಿನ್ ಹೈನುಗಾರಿಕೆಯ ರಾಜ್ಯ. ಅಲ್ಲಿಯ ಕೃಷಿ ಕಾಲೇಜಿನ ಅಧ್ಯಾಪಕರ ಕೆಲಸವು ಕೊಟ್ಟಿಗೆಯಿಂದಲೂ ಹಾಲಿನ ಕೇಂದ್ರದಿಂದಲೂ ದೂರವಿರಲಿಲ್ಲ. 1890ರಲ್ಲಿ ಅಲ್ಲಿಯ ರಸಾಯನಶಾಸ್ತ್ರಜ್ಞ ಸ್ಟೀಫನ್ ಬಾಬ್ಕಾಕ್ ಹಾಲಿನ ಜಿಡ್ಡಿನಂಶವನ್ನು ಅಳೆಯುವ ಸುಲಭ ವಿಧಾನವೊಂದನ್ನು ರೂಪಿಸಿದರು. ಉದ್ದ ಕತ್ತಿನ ಸೀಸೆಯಲ್ಲಿ ಹಾಲಿಗೆ ಗಂಧಕಾಮ್ಲವನ್ನು ಬೆರೆಸಿ, ಯಂತ್ರದಲ್ಲಿ ರಭಸದಿಂದ ತಿರುಗಿಸಿ, ಬಿಸಿನೀರು ಹೊಯ್ದರೆ ಜಿಡ್ಡು ಬೇರ್ಪಟ್ಟು ಸೀಸೆಯ ಕತ್ತಿಗೆ ಏರಿ ನಿಲ್ಲುತ್ತಿತ್ತು. ಅಲ್ಲಿ ಕೊರೆದ ಗೆರೆಗಳನ್ನು ನೋಡಿ ಶೇಕಡಾವಾರು ಪ್ರಮಾಣವನ್ನು ಓದಿಕೊಳ್ಳಬಹುದಿತ್ತು. ಅದುವರೆಗೆ ತೂಕದ ಮೇಲೆಯೇ ಬೆಲೆ ಸಿಗುತ್ತಿದ್ದುದರಿಂದ ನೀರು ಬೆರೆಸಿದವನಿಗೂ ಕೆನೆ ತೆಗೆದವನಿಗೂ ಆಗುತ್ತಿದ್ದ ಲಾಭಕ್ಕೆ ಈ ಪರೀಕ್ಷೆ ಕಡಿವಾಣ ಹಾಕಿತು. ಬಾಬ್ಕಾಕ್ ಇದಕ್ಕೆ ಪೇಟೆಂಟ್, ಅಂದರೆ ನಿಗದಿತ ಅವಧಿಯವರೆಗೆ ಆವಿಷ್ಕಾರದ ಮೇಲೆ ದೊರೆಯುವ ಏಕಸ್ವಾಮ್ಯದ ಹಕ್ಕನ್ನು, ಪಡೆಯದೆ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ಸಾರ್ವಜನಿಕ ಹಣದಲ್ಲಿ ನಡೆದ ಸಂಶೋಧನೆಯ ಫಲ ಸಾರ್ವಜನಿಕರಿಗೇ ಸಲ್ಲಬೇಕೆಂಬುದು ಆ ಕಾಲದ ಅಧ್ಯಾಪಕರಲ್ಲಿ ಬಹುಮಟ್ಟಿಗೆ ಒಪ್ಪಿತವಾಗಿದ್ದ ಧರ್ಮ.

ಈ ಧರ್ಮದಿಂದ ಬೇರೆ ದಾರಿ ಹಿಡಿದವರು ಬಾಬ್ಕಾಕರ ಪ್ರಭಾವದಲ್ಲಿ ಬೆಳೆದ ಹ್ಯಾರಿ ಸ್ಟೀನ್‌ಬಾಕ್. ಎಳೆಯ ಮಕ್ಕಳ ಮೂಳೆ ಮೆತ್ತಗಾಗಿ ಕಾಲು ಬಾಗುವ ರಿಕೆಟ್ಸ್ ಎಂಬ ರೋಗವು ಸೂರ್ಯನ ಬೆಳಕು ಕಡಿಮೆಯಿರುವ ಉತ್ತರದ ನಗರಗಳಲ್ಲಿ ವ್ಯಾಪಕವಾಗಿತ್ತು. ಆಹಾರದ ಮೇಲೆ ನೇರಳಾತೀತ ಕಿರಣಗಳನ್ನು ಹಾಯಿಸಿದರೆ ಅದರಲ್ಲಿ ಡಿ ಜೀವಸತ್ವ ಉಂಟಾಗುತ್ತದೆಯೆಂದೂ ಅಂಥ ಆಹಾರ ತಿಂದ ಇಲಿಗಳಲ್ಲಿ ರಿಕೆಟ್ಸ್ ವಾಸಿಯಾಗುತ್ತದೆಯೆಂದೂ ಅವರು 1924ರಲ್ಲಿ ಪ್ರಕಟಿಸಿ, ಅದೇ ವರ್ಷ ತಮ್ಮ ಸ್ವಂತ ಹಣದಿಂದ 300 ಡಾಲರ್ ಖರ್ಚು ಮಾಡಿ ಪೇಟೆಂಟಿಗೆ ಅರ್ಜಿ ಹಾಕಿದರು. ಕ್ವೇಕರ್ ಓಟ್ಸ್ ಕಂಪನಿಯು ಈ ಹಕ್ಕಿಗಾಗಿ ದೊಡ್ಡ ಮೊತ್ತವನ್ನೇ ಕೊಡಲು ಮುಂದೆ ಬಂದರೂ ಅವರು ಮಾರಲಿಲ್ಲ. ಬರುವ ಆದಾಯ ವಿಶ್ವವಿದ್ಯಾನಿಲಯದ ಸಂಶೋಧನೆಗೇ ಮರಳಬೇಕು ಎಂಬುದು ಅವರ ಹಟವಾಗಿತ್ತು. ಆದರೆ ಪೇಟೆಂಟುಗಳ ವ್ಯವಹಾರ ನೋಡಿಕೊಳ್ಳುವ, ಕೋರ್ಟು ಕಚೇರಿ ಅಲೆಯುವ ಸಾಮರ್ಥ್ಯವಾಗಲಿ ಉತ್ಸಾಹವಾಗಲಿ ವಿಶ್ವವಿದ್ಯಾನಿಲಯದ ಆಡಳಿತಕ್ಕೆ ಇರಲಿಲ್ಲ.

ಈ ತೊಡಕಿಗೆ ಪರಿಹಾರ ಹುಡುಕಿದವರು ಸ್ನಾತಕೋತ್ತರ ವಿಭಾಗದ ಡೀನ್ ಆಗಿದ್ದ ಗಣಿತಜ್ಞ ಚಾರ್ಲ್ಸ್ ಸ್ಲಿಕ್ಟರ್ ಮತ್ತು ಕೃಷಿ ಕಾಲೇಜಿನ ಡೀನ್ ಹ್ಯಾರಿ ರಸೆಲ್. ಅವರ ಪ್ರಯತ್ನದಿಂದ 1925ರ ನವೆಂಬರಿನಲ್ಲಿ ವಿಸ್ಕಾನ್ಸಿನ್ ಹಳೆಯ ವಿದ್ಯಾರ್ಥಿಗಳ ಸಂಶೋಧನಾ ಪ್ರತಿಷ್ಠಾನವು ಸ್ಥಾಪನೆಯಾಯಿತು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅದನ್ನು ವಾರ್ಫ್ ಎನ್ನುವುದು ರೂಢಿ. ಒಂಬತ್ತು ಮಂದಿ ಹಳೆಯ ವಿದ್ಯಾರ್ಥಿಗಳು ತಲಾ 100 ಡಾಲರಿನಂತೆ ಕೂಡಿಸಿದ 900 ಡಾಲರುಗಳೇ ಅದರ ಮೂಲಧನ. ಅದೇ ವರ್ಷ ವಿಶ್ವವಿದ್ಯಾನಿಲಯದ ಆಡಳಿತ ಮಂಡಳಿಯಾದ ರೀಜೆಂಟರ ಸಭೆಯು, ರಾಕ್‌ಫೆಲರ್ ಮನೆತನದ ಹಣವನ್ನು ಮನಸ್ಸಿನಲ್ಲಿಟ್ಟುಕೊಂಡು, ಖಾಸಗಿ ಪ್ರತಿಷ್ಠಾನಗಳ ದಾನವನ್ನು ಸ್ವೀಕರಿಸಕೂಡದೆಂದು ನಿರ್ಣಯಿಸಿತ್ತೆಂಬುದನ್ನು ಗಮನಿಸಿದರೆ, ಹಣದ ಜೊತೆಯಲ್ಲಿ ಹಣ ಕೊಟ್ಟವರ ಅಧಿಕಾರವೂ ಒಳಗೆ ಬಂದೀತೆಂಬ ಅಂಜಿಕೆ ಅಲ್ಲಿ ಎಷ್ಟು ಬಲವಾಗಿತ್ತೆಂಬುದು ತಿಳಿಯುತ್ತದೆ. ಆ ನಿರ್ಣಯವನ್ನು 1930ರಲ್ಲಿ ಹಿಂತೆಗೆದುಕೊಳ್ಳಲಾಯಿತು.

ಹೊಸ ವ್ಯವಸ್ಥೆಯ ರಚನೆಯಲ್ಲಿ ಈ ಅಂಜಿಕೆಗೂ ಉತ್ತರವಿತ್ತು. ಪೇಟೆಂಟನ್ನು ಕಂಪನಿಗಳಿಗೆ ಪರವಾನಗಿಯ ಮೇಲೆ ಕೊಟ್ಟು ರಾಯಧನ, ಅಂದರೆ ಬಳಕೆಗಾಗಿ ತೆರುವ ಶುಲ್ಕ, ವಸೂಲು ಮಾಡುವುದೂ ಬಂದ ಹಣವನ್ನು ಬೆಳೆಸುವುದೂ ಪ್ರತಿಷ್ಠಾನದ ಧರ್ಮದರ್ಶಿಗಳ ಹೊಣೆಯಾದರೆ, ಆ ಹಣವನ್ನು ಯಾವ ಅಧ್ಯಾಪಕನಿಗೆ ಯಾವ ಕೆಲಸಕ್ಕಾಗಿ ಕೊಡಬೇಕೆಂದು ತೀರ್ಮಾನಿಸುವುದು ವಿಶ್ವವಿದ್ಯಾನಿಲಯದೊಳಗಿನ ಸಂಶೋಧನಾ ಸಮಿತಿಯ ಹೊಣೆ. ವಕೀಲರೂ ವ್ಯಾಪಾರಿಗಳೂ ಆಗಿದ್ದ ಧರ್ಮದರ್ಶಿಗಳು ವಿಜ್ಞಾನದ ವಿಷಯದಲ್ಲಿ ಕೈಹಾಕುವಂತಿರಲಿಲ್ಲ, ಅಧ್ಯಾಪಕರು ಬಂಡವಾಳದ ಗೋಜಿಗೆ ಹೋಗುವಂತಿರಲಿಲ್ಲ. 1928ರಲ್ಲಿ ಪೇಟೆಂಟ್ ಮಂಜೂರಾಯಿತು. ಅದೇ ವರ್ಷ ಪ್ರತಿಷ್ಠಾನವು ವಿಶ್ವವಿದ್ಯಾನಿಲಯಕ್ಕೆ ಕೊಟ್ಟ ಮೊದಲ ಅನುದಾನ 1,200 ಡಾಲರ್ ಮಾತ್ರ.

ಮುಂದಿನ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಈ ಏರ್ಪಾಡಿನ ಬೆಲೆ ತಿಳಿಯಿತು. ರಾಜ್ಯದ ಬೊಕ್ಕಸ ಬರಿದಾಗಿ ಅಧ್ಯಾಪಕರ ಸಂಬಳ ಕಡಿತಗೊಂಡ ಆ ದಿನಗಳಲ್ಲಿ ತರುಣ ಸಂಶೋಧಕರನ್ನು ಸಹಾಯಕ ಹುದ್ದೆಗಳಲ್ಲಿ ಉಳಿಸಿಕೊಳ್ಳಲು ಪ್ರತಿಷ್ಠಾನದ ಹಣ ನೆರವಾಯಿತು. 1933ರಲ್ಲಿ ಆಲ್ಡೊ ಲಿಯೊಪೋಲ್ಡ್ ಅವರನ್ನು ವನ್ಯಪ್ರಾಣಿ ನಿರ್ವಹಣೆಯ ಪ್ರಾಧ್ಯಾಪಕರನ್ನಾಗಿ ನೇಮಿಸಿದ್ದು ಇದೇ ಹಣದ ಬಲದಿಂದ: ವರ್ಷಕ್ಕೆ 8,000 ಡಾಲರಿನಂತೆ ಐದು ವರ್ಷಗಳ ಅವಧಿಗೆ. ಆ ದೇಶದಲ್ಲಿ ಅಂಥ ಪೀಠ ಅದೇ ಮೊದಲು. ಸವಕಳಿಯಾದ ಹೊಲಗಳ ಅಂಚಿನಲ್ಲಿ ಹಕ್ಕಿ, ಮೊಲಗಳಿಗೆ ನೆಲೆ ಒದಗಿಸುವ ಬಗೆಯನ್ನು ರೈತರಿಗೆ ತಿಳಿಸಿಕೊಡುವುದು ಪಾಠದಷ್ಟೇ ಮುಖ್ಯವಾದ ಅವರ ಕರ್ತವ್ಯವಾಗಿತ್ತು. ಯಾವ ಸಾಂಪ್ರದಾಯಿಕ ವಿಭಾಗಕ್ಕೂ ಸರಿಯಾಗಿ ಹೊಂದದ ಈ ವಿಷಯಕ್ಕೆ ಹಣಕಾಸಿನ ಬಿಕ್ಕಟ್ಟಿನ ವರ್ಷದಲ್ಲಿ ಶಾಸನಸಭೆ ಒಪ್ಪಿಗೆ ಕೊಡುತ್ತಿತ್ತೆಂದು ಊಹಿಸುವುದು ಕಷ್ಟ. ಅನುದಾನದ ಅವಧಿ ಮುಗಿದ ಮೇಲೆ, 1939ರಲ್ಲಿ, ವಿಶ್ವವಿದ್ಯಾನಿಲಯವು ಅದನ್ನೊಂದು ಪ್ರತ್ಯೇಕ ವಿಭಾಗವಾಗಿಯೇ ಸ್ಥಾಪಿಸಿತು.

ಅದೇ 1933ರ ಚಳಿಗಾಲದಲ್ಲಿ ರೈತನೊಬ್ಬ ಹಿಮಪಾತದ ನಡುವೆ ನೂರಾರು ಕಿಲೋಮೀಟರ್ ವಾಹನ ಓಡಿಸಿಕೊಂಡು ಬಂದು, ಸತ್ತ ಕಡಸನ್ನೂ ಹೆಪ್ಪುಗಟ್ಟದ ರಕ್ತದ ಡಬ್ಬಿಯನ್ನೂ ಒಂದಿಷ್ಟು ಹಾಳಾದ ಹುಲ್ಲನ್ನೂ ಜೀವರಸಾಯನಶಾಸ್ತ್ರಜ್ಞ ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯದಲ್ಲಿ ಇಳಿಸಿದ. ಮುಗ್ಗಿದ ಸ್ವೀಟ್ ಕ್ಲೋವರ್ ಎಂಬ ಮೇವು ತಿಂದ ದನಗಳು ಒಳರಕ್ತಸ್ರಾವದಿಂದ ಸಾಯುತ್ತಿದ್ದವು. ಆ ಮೇವಿನಲ್ಲಿರುವ ವಸ್ತು ಯಾವುದೆಂದು ಪತ್ತೆಹಚ್ಚಲು ಲಿಂಕ್ ಮತ್ತು ಅವರ ಶಿಷ್ಯರಿಗೆ ಆರು ವರ್ಷಗಳೇ ಹಿಡಿದವು; ಡೈಕೂಮರಾಲ್ ಎಂಬ ಆ ಸಂಯುಕ್ತವನ್ನು 1939ರಲ್ಲಿ ಬೇರ್ಪಡಿಸಲಾಯಿತು. ಅದರ ಜಾಡಿನಲ್ಲೇ ತಯಾರಾದ ಮತ್ತೊಂದು ಸಂಯುಕ್ತವು 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂದು, 1950ರ ದಶಕದಲ್ಲಿ ಮನುಷ್ಯರ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಔಷಧವಾಯಿತು. ವಾರ್ಫ್ ಪ್ರತಿಷ್ಠಾನದ ಹೆಸರನ್ನೇ ಹೊತ್ತ ವಾರ್ಫರಿನ್ ಅದು. ಕರ್ನಾಟಕದ ಹೃದ್ರೋಗ ಆಸ್ಪತ್ರೆಗಳಲ್ಲಿ ಕೃತಕ ಕವಾಟ ಹಾಕಿಸಿಕೊಂಡ ರೋಗಿಗಳಿಗೆ ಇಂದಿಗೂ ಬರೆದುಕೊಡುವ ಮಾತ್ರೆ. ಒಂದು ಪೇಟೆಂಟಿನಿಂದ ಬಂದ ಹಣ ಮತ್ತೊಂದು ಸಂಶೋಧನೆಯನ್ನು ಪೋಷಿಸಿ, ಅದರ ಪೇಟೆಂಟ್ ಮತ್ತೆ ನಿಧಿಯನ್ನು ತುಂಬುವ ಚಕ್ರ ಹೀಗೆ ಸ್ಥಿರಗೊಂಡಿತು.

ಆದರೆ ಹಣದ ಮೂಲವು ಪ್ರಶ್ನಾತೀತವಾಗಿರಲಿಲ್ಲ. ಬೆಣ್ಣೆಗೆ ಪ್ರತಿಸ್ಪರ್ಧಿಯಾಗಿದ್ದ ಅಗ್ಗದ ಮಾರ್ಗರಿನ್‌ಗೆ ಡಿ ಜೀವಸತ್ವ ಸೇರಿದರೆ ಹೈನುಗಾರರಿಗೆ ಪೆಟ್ಟು ಬೀಳುತ್ತದೆಂಬ ಆತಂಕವೂ ಸ್ಟೀನ್‌ಬಾಕ್ ಪೇಟೆಂಟ್ ಪಡೆಯಲು ಒಂದು ಕಾರಣವಾಗಿತ್ತು, ಮತ್ತು ಪ್ರತಿಷ್ಠಾನವು ಮಾರ್ಗರಿನ್ ತಯಾರಕರಿಗೆ ಪರವಾನಗಿ ಕೊಡಲಿಲ್ಲ. ಬೆಣ್ಣೆ ಕೊಳ್ಳಲಾರದ ಬಡವರ ಮಕ್ಕಳಿಗೇ ರಿಕೆಟ್ಸಿನ ಕಾಟ ಹೆಚ್ಚಾಗಿದ್ದುದರಿಂದ ಈ ನಿರಾಕರಣೆ ತೀವ್ರ ಟೀಕೆಗೆ ಗುರಿಯಾಯಿತು. 1940ರ ದಶಕದಲ್ಲಿ ಮೇಲ್ಮನವಿ ನ್ಯಾಯಾಲಯವು ಸ್ಟೀನ್‌ಬಾಕ್ ಪೇಟೆಂಟುಗಳನ್ನು ಅಸಿಂಧುವೆಂದು ಸಾರಿದಾಗ ಬಡವರ ಆಹಾರದ ಈ ಪ್ರಶ್ನೆಯೂ ಚರ್ಚೆಗೆ ಬಂದಿತ್ತು. ಅಷ್ಟರಲ್ಲಿ ಮೊದಲ ಪೇಟೆಂಟಿನ ಹದಿನೇಳು ವರ್ಷಗಳ ಅವಧಿಯೇ ಮುಗಿಯುತ್ತ ಬಂದಿದ್ದುದರಿಂದಲೂ ಧರ್ಮದರ್ಶಿಗಳು ರಾಯಧನವನ್ನು ಹೂಡಿಕೆಯಾಗಿ ಪರಿವರ್ತಿಸಿದ್ದುದರಿಂದಲೂ ಅನುದಾನಗಳು ನಿಲ್ಲಲಿಲ್ಲ.

ಹಣವನ್ನು ಗಳಿಸುವವರಿಗೂ ಹಂಚುವವರಿಗೂ ನಡುವೆ ಗೋಡೆಯಿದ್ದುದರಿಂದ ವಾರ್ಫ್ ಪ್ರತಿಷ್ಠಾನವು ಅಧ್ಯಾಪಕರ ಸ್ವಾತಂತ್ರ್ಯವನ್ನು ಕಾಪಾಡಿತು. ಆದರೆ ಹಣ ಗಳಿಸುವ ಬಗೆಯಲ್ಲಿ ಯಾರ ಹಿತ ಅಡಗಿದೆಯೆಂದು ಕೇಳುವ ಅಧಿಕಾರವನ್ನು ಆ ಗೋಡೆಯೇ ಹಂಚುವವರಿಂದ ಕಿತ್ತುಕೊಂಡಿತು. ಸಂಶೋಧನಾ ಸಮಿತಿಯು ಎಷ್ಟೇ ನಿಷ್ಪಕ್ಷಪಾತವಾಗಿ ಅರ್ಜಿಗಳನ್ನು ತೂಗಿದರೂ ಮಾರ್ಗರಿನ್ ಕುರಿತ ನಿರ್ಧಾರ ಅದರ ಮುಂದೆ ಬರುವಂತಿರಲಿಲ್ಲ. ಮುಂದೆ ಇತರ ವಿಶ್ವವಿದ್ಯಾನಿಲಯಗಳೂ ತಮ್ಮ ಅಧ್ಯಾಪಕರ ಸಂಶೋಧನೆಯಿಂದ ಬಂದ ಆದಾಯವನ್ನು ಅಧ್ಯಾಪಕರಿಗೇ ಅನುದಾನವಾಗಿ ಮರಳಿಸುವ ವ್ಯವಸ್ಥೆಗಳನ್ನು ಕಟ್ಟಿಕೊಂಡಾಗ ಹಣದ ಜೊತೆಗೆ ಈ ಸಮಸ್ಯೆಯೂ ಅವುಗಳ ಪಾಲಿಗೆ ಬಂದಿತು.