ಹದಿನೆಂಟು ಲಕ್ಷ ಮೈಕ್ರೋವೋಲ್ಟ್

ನಮ್ಮ ಬನಶಂಕರಿ, ಬಾದಾಮಿ ಕಡೆ ಇತಿಹಾಸ ಅಂದ್ರೆ ಕಲ್ಲು. ಕೋಟೆ ಕಟ್ಟಿಸಿದ್ದು ಯಾರು ಅಂತ ಬಾದಾಮಿಯ ಬಂಡೆ ಮೇಲೆ ಕ್ರಿ.ಶ. 543ರ ಶಾಸನ ಇವತ್ತಿಗೂ ಹೇಳುತ್ತೆ. ನನ್ನ ಕಸುಬಿನ ಇತಿಹಾಸಕ್ಕೆ ಅಷ್ಟು ವಯಸ್ಸಿಲ್ಲ. ಅದು ಇರೋದು ಡಿವೈಸ್ ಟ್ರೀ ಅನ್ನೋ ಕಡತಗಳಲ್ಲಿ. ಒಂದು ಬೋರ್ಡಿನ ಮೇಲೆ ಏನೇನಿದೆ ಅಂತ ಲಿನಕ್ಸ್‌ಗೆ ತಿಳಿಸೋ ವಿವರಣೆ ಅದು. ಅಂಥ ಕಡತದ ಒಂದು ಸಾಲಿನ ಕಥೆ ಇದು.

ಬೋರ್ಡಿಗೆ ಹೊರಗಿನಿಂದ ಬರೋದು 5 ವೋಲ್ಟ್. ಒಳಗೆ ಒಬ್ಬೊಬ್ಬರಿಗೆ ಒಂದೊಂದು ಅಳತೆ ಬೇಕು: ಎಸ್‌ಡಿ ಕಾರ್ಡಿಗೆ 3.3, ಕೆಲವು ಚಿಪ್‌ಗಳಿಗೆ 1.8, ಪ್ರೊಸೆಸರ್ ತಿರುಳಿಗೆ ಇನ್ನೂ ಕಡಿಮೆ. ಇದನ್ನು ಹಂಚೋದು ವೋಲ್ಟೇಜ್ ರೆಗ್ಯುಲೇಟರ್. ಊರಲ್ಲಿ ಪಂಪ್‌ಸೆಟ್ ಇರೋರಿಗೆ ಇದರ ಬೆಲೆ ಗೊತ್ತು. "ವೋಲ್ಟೇಜ್ ಎಷ್ಟ್ ಐತಿ?" ಅಂತ ಮೀಟರ್ ನೋಡಿಯೇ ಸ್ಟಾರ್ಟರ್ ಒತ್ತೋದು. ಲೋ ವೋಲ್ಟೇಜಲ್ಲಿ ಓಡಿಸಿದ್ರೆ ಮೋಟರ್ ಹೆಚ್ಚು ಕರೆಂಟ್ ಎಳೆದು ವೈಂಡಿಂಗ್ ಸುಟ್ಟುಕೊಳ್ಳುತ್ತೆ. ಚಿಪ್ ಸಾಯೋದು ಹೆಚ್ಚಾದಾಗ.

ತೊಂದರೆ ಏನಂದ್ರೆ, ಯುಎಸ್‌ಬಿ ಸಾಧನ ಚುಚ್ಚಿದ ಕೂಡಲೇ ತನ್ನ ಹೆಸರು ಹೇಳುತ್ತೆ. ರೆಗ್ಯುಲೇಟರಿನ ತಂತಿಯ ಆ ತುದಿಯಲ್ಲಿ ಯಾರಿದ್ದಾರೆ ಅಂತ ಯಾವ ಸಾಫ್ಟ್‌ವೇರೂ ತಾನಾಗಿ ಕಂಡುಹಿಡಿಯೋಕಾಗಲ್ಲ. ಅಕ್ಟೋಬರ್ 2008ರಲ್ಲಿ ಲಿನಕ್ಸ್ 2.6.27ಕ್ಕೆ ರೆಗ್ಯುಲೇಟರ್ ವ್ಯವಸ್ಥೆ ಸೇರಿಸಿದ ಲಿಯಮ್ ಗರ್ಡ್‌ವುಡ್, ಮಾರ್ಕ್ ಬ್ರೌನ್ ಅವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರಿಟ್ಟ ನಿಯಮ: ಈ ಬೋರ್ಡಿನಲ್ಲಿ ಬದಲಾಯಿಸೋದು ಸುರಕ್ಷಿತ ಅಂತ ಬರೆದುಕೊಟ್ಟ ಹೊರತು ಕರ್ನೆಲ್ ವೋಲ್ಟೇಜ್ ಮುಟ್ಟಬಾರದು.

ಬರೆಯೋದು ಎಲ್ಲಿ? ಆಗ ಎಆರ್‌ಎಂ ಲೋಕದಲ್ಲಿ ಬೋರ್ಡಿಗೊಂದು ಸಿ ಕಡತ ಇರ್ತಿತ್ತು. ಅವು ಬೆಳೆದು ಬೆಳೆದು 2011ರಲ್ಲಿ ಲೀನಸ್ ಟೋರ್ವಾಲ್ಡ್ಸ್‌ಗೇ ರೇಗಿಹೋಯ್ತು. ಪರಿಹಾರ ಬೇರೆ ಕಡೆ ಸಿದ್ಧವಾಗಿತ್ತು. ಸನ್ ಕಂಪನಿಯ ಯಂತ್ರಗಳಲ್ಲಿ ಹುಟ್ಟಿ, 1994ರಲ್ಲಿ ಐಇಇಇ 1275 ಅನ್ನೋ ಮಾನಕವಾಗಿ, 2005ರ ಹೊತ್ತಿಗೆ ಪವರ್‌ಪಿಸಿ ಲಿನಕ್ಸಿನಲ್ಲಿ ನೆಲೆಯೂರಿದ್ದ ಡಿವೈಸ್ ಟ್ರೀಯನ್ನು ಎಆರ್‌ಎಂ ಕೂಡ ಅಪ್ಪಿಕೊಳ್ತು. ರೆಗ್ಯುಲೇಟರ್ ಮಿತಿಗಳನ್ನು ಅದರಿಂದ ಓದೋ ಕೋಡ್ ಮಾರ್ಚ್ 2012ರ ಲಿನಕ್ಸ್ 3.3ರಲ್ಲಿ ಬಂತು. ಆ ಕಡತದ ತಲೆಯಲ್ಲಿರೋದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ರಾಜೇಂದ್ರ ನಾಯಕ್ ಅವರ ಹೆಸರು. 1985ರಲ್ಲೇ ಬೆಂಗಳೂರಿಗೆ ಬಂದ ಕಂಪನಿ ಅದು.

ಅದೇ ಕಂಪನಿಯ ಚಿಪ್ ಹೊತ್ತ ಬೀಗಲ್‌ಬೋನ್ ಬೋರ್ಡು 2011ರಲ್ಲಿ ಬಂದಿತ್ತು. ಏಪ್ರಿಲ್ 2013ರಲ್ಲಿ ಬಂದ ಬೀಗಲ್‌ಬೋನ್ ಬ್ಲ್ಯಾಕ್ ಹೆಚ್ಚುಕಮ್ಮಿ ಅದೇ ಬೋರ್ಡು. ಇಎಂಎಂಸಿ, ಎಚ್‌ಡಿಎಂಐ ಹೆಚ್ಚುವರಿ. ಹಳೇ ವಿವರಣೆಯಲ್ಲೇ ಹೊಸ ಬೋರ್ಡು ಬೂಟ್ ಆಗ್ತಿತ್ತು. ಆದ್ರೆ ಎಲ್‌ಡಿಒ3 ಅನ್ನೋ ರೆಗ್ಯುಲೇಟರ್ ಹಳೇ ಬೋರ್ಡಿನಲ್ಲಿ 3.3 ವೋಲ್ಟ್‌ವರೆಗೆ ಹೋಗಬಹುದಿತ್ತು. ಹೊಸದರಲ್ಲಿ ಅದು 1.8 ಮೀರುವಂತಿರಲಿಲ್ಲ. ಹೊಸ ವಿವರಣೆ ಸೇರಿಸಿದ ಪ್ಯಾಚಿನಲ್ಲೇ ಎಚ್ಚರಿಕೆ ಇತ್ತು: ಎಸ್‌ಡಿ ಕಾರ್ಡ್ ಹಾಕಿ ಹಳೇ ವಿವರಣೆಯಲ್ಲಿ ಹತ್ತು-ಹನ್ನೆರಡು ಸಲ ಬೂಟ್ ಮಾಡಿದ್ರೆ ಎಚ್‌ಡಿಎಂಐ ಚಿಪ್ ಸುಟ್ಟುಹೋಗುತ್ತೆ.

ಪರಿಹಾರ ಎರಡು ಸಾಲು. ಎರಡೂ ಬೋರ್ಡಿಗೆ ಸಮಾನವಾದದ್ದನ್ನು ಬೇರೆ ಕಡತಕ್ಕೆ ಸರಿಸಿ, ಬ್ಲ್ಯಾಕ್‌ನ ಕಡತದಲ್ಲಿ ಎಲ್‌ಡಿಒ3ಕ್ಕೆ ಕನಿಷ್ಠವೂ 1800000, ಗರಿಷ್ಠವೂ 1800000 ಅಂತ ಬರೆದರು. ಲೆಕ್ಕ ಮೈಕ್ರೋವೋಲ್ಟಿನಲ್ಲಿ, ಅಂದ್ರೆ ಹದಿನೆಂಟು ಲಕ್ಷ. ಎರಡೂ ಒಂದೇ ಆದಾಗ ಕರ್ನೆಲ್‌ಗೆ ಆಚೀಚೆ ಸರಿಯೋ ಜಾಗವೇ ಇಲ್ಲ.

ಗಮನಿಸಿ, ಇಲ್ಲಿ ಕರ್ನೆಲ್ಲಿನಲ್ಲಿ ಬಗ್ ಇರಲಿಲ್ಲ. ಬರೆದುಕೊಟ್ಟದ್ದನ್ನು ಅದು ನಂಬಿತು, ಅಷ್ಟೇ. ಹೊಸ ಪ್ರಾಜೆಕ್ಟ್ ಶುರುವಾದ್ರೆ ನಾವೆಲ್ಲ ಮೊದಲು ಮಾಡೋದು ಹಳೇ ಬೋರ್ಡಿನ ಕಡತ ಕಾಪಿ ಮಾಡೋದೇ. ರಿವ್ಯೂನಲ್ಲೂ "ಬರೀ ಕಾನ್ಫಿಗರೇಶನ್" ಅಂತ ಇದನ್ನ ದಾಟಿಸಿಬಿಡ್ತಾರೆ. ಡ್ರೈವರ್ ತಪ್ಪಾದ್ರೆ ತಿದ್ದಿ ರೀಬೂಟ್ ಮಾಡಬಹುದು, ಸುಟ್ಟ ಚಿಪ್‌ಗೆ ಪ್ಯಾಚ್ ಇಲ್ಲ. ಹಾಗಾಗಿ ಉಳಿದದ್ದೆಲ್ಲ ಕಾಪಿ ಮಾಡಿದ್ರೂ ವೋಲ್ಟೇಜಿನ ಸಾಲುಗಳನ್ನು ಮಾತ್ರ ಹಾರ್ಡ್‌ವೇರ್ ಗೆಳೆಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸ್ಕೀಮ್ಯಾಟಿಕ್ ನೋಡಿಯೇ ಬರೀರಿ. ಸೊನ್ನೆಗಳನ್ನೂ ಎಣಿಸಿ.